ಉಪ್ಪಿಗೆ ಕೊಂಡ ಗುಡ್ಡ

ನಮ್ಮೂರಿನಲ್ಲಿ ಯಾರಿಗೆ ಎಷ್ಟು ಜಮೀನಿದೆ ಎಂದು ತಿಳಿಯಬೇಕಾದರೆ ಯಾವ ಕಚೇರಿಗೂ ಹೋಗಬೇಕಿಲ್ಲ, ನನ್ನ ಖಾನಾವಳಿಯಲ್ಲಿ ಒಂದು ಹೊತ್ತು ಕೂತರೆ ಸಾಕು. ಹಸಿಮೆಣಸಿನಕಾಯಿಯನ್ನು ಸೌತೆಕಾಯಿಯ ಹಾಗೆ ಕಚಕಚ ಕಡಿದು ಕಣ್ಣೂ ಒದ್ದೆಯಾಗದವನು ತೋಟದ ಧಣಿ. ಹಾಗಲಕಾಯಿ ಪಲ್ಯವನ್ನು ಎರಡನೇ ಸಲ ಹಾಕಿಸಿಕೊಳ್ಳುವವರು ಮನೆ ಕಟ್ಟಲು ಜಾಗ ತಗೊಂಡವರು. ನಮ್ಮಲ್ಲಿ ನೆಲ ದುಡ್ಡಿಗೆ ಸಿಗುವುದಿಲ್ಲ, ರುಚಿಗೆ ಸಿಗುತ್ತದೆ. ಕೊಂಡವನ ನಾಲಿಗೆಯಿಂದ ಆ ರುಚಿ ಎದ್ದು ಮಾರಿದವನ ನಾಲಿಗೆಗೆ ಹೋಗಿ ಕೂರುತ್ತದೆ, ಅಷ್ಟೇ. ಮನೆಯ ಜಾಗಕ್ಕೆ ಕಹಿಯೋ ಒಗರೋ ಸಾಕು. ಗಂಡ ಕಹಿ ಕೊಟ್ಟರೆ ಹೆಂಡತಿ ಒಗರು ಕೊಟ್ಟು ಹಿತ್ತಲನ್ನೂ ಸೇರಿಸಿಕೊಳ್ಳುತ್ತಾಳೆ. ಹೊಲಕ್ಕೆ ಹುಳಿ, ನೀರಿದ್ದ ತೋಟಕ್ಕೆ ಖಾರ ಇಲ್ಲವೇ ಸಿಹಿ. ಉಪ್ಪನ್ನು ಮಾತ್ರ ಯಾರೂ ಸುಲಭಕ್ಕೆ ಕೊಡುವುದಿಲ್ಲ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಸುಮ್ಮನೆ ಹೇಳಿದ್ದಾರೆಯೇ?

ಹೆಣ್ಣು ಕೊಡಲು ಬಂದವರು ನಮ್ಮೂರಿನಲ್ಲಿ ಹುಡುಗನ ಸಂಬಳ ಕೇಳುವುದಿಲ್ಲ, 'ನಾಲಿಗ್ಯಾಗ ಏನೇನ್ ಉಳದೈತ್ರಿ?' ಎಂದು ಕೇಳುತ್ತಾರೆ. ಏನನ್ನೂ ಕಳೆದುಕೊಳ್ಳದವರಿಗೆ ತುಂಬು ನಾಲಿಗೆಯವರು ಎಂದು ಹೆಸರು. ಜಮೀನಿಲ್ಲದ ಬಡವರು ಅಂತ ಅದರ ಅರ್ಥ, ಆದರೂ ಅದನ್ನು ಹೇಳಿಕೊಳ್ಳುವಾಗ ಮೀಸೆ ತಿರುವುತ್ತಾರೆ. ನಾನೂ ತುಂಬು ನಾಲಿಗೆಯವಳೇ. ಈ ಖಾನಾವಳಿ ಬಾಡಿಗೆಯ ಜಾಗ. ಅಡಿಗೆಯವಳು ರುಚಿ ಕೊಟ್ಟು ನೆಲ ಕೊಂಡರೆ ಆ ನೆಲದ ಮೇಲೆ ಕೂತು ಮಾಡುವುದೇನು, ಮಣ್ಣೇ?

ಊರಿನ ಬೆನ್ನಿಗೇ ಗುಡ್ಡವಿದೆ. ಕಾರೆ, ಕವಳಿ, ಕಮರದ ಗಿಡಗಳು, ಮೇಲೆ ಹೋದಷ್ಟೂ ಬರೀ ಬಂಡೆ. ಎರಡು ಕರಡಿಗಳಿವೆ, ನವಿಲುಗಳಿಗೆ ಲೆಕ್ಕವಿಲ್ಲ, ತೋಳಗಳು ಒಮ್ಮೊಮ್ಮೆ ಕಾಣಿಸಿಕೊಂಡು ಕುರಿ ಕಾಯುವ ಮಾಳಿಂಗನ ಬಾಯಲ್ಲಿ ಬೈಸಿಕೊಳ್ಳುತ್ತವೆ. ಗುಡ್ಡದ ನಡುವೆ ಹಾದು ಆಚೆ ಊರಿಗೆ ಇಳಿಯುವ ಕಾಲುದಾರಿಯೊಂದಿದೆ. ಆಚೆಯ ಮಕ್ಕಳು ಶಾಲೆಗೆ ಇದೇ ದಾರಿಯಲ್ಲಿ ಬರಬೇಕು, ಆಚೆಯ ಹೆಂಗಸರು ಸಂತೆಗೆ ಇದೇ ದಾರಿ. ನನ್ನ ಅಕ್ಕ ಇರುವುದೂ ಆಚೆಗೇ. ಬಸ್ಸಿನಲ್ಲಿ ಸುತ್ತಿ ಹೋದರೆ ಒಂದು ದಿನ ಹಾಳು. ಖಾನಾವಳಿಗೆ ಸೋಮವಾರ ರಜೆ. ಆ ದಿನ ನಾನು ಒಬ್ಬಳೇ ಹತ್ತಿ ಮೇಲಿನ ಬಂಡೆಯ ಮೇಲೆ ಗಾಳಿಗೆ ಮೈಯೊಡ್ಡಿ ಕೂರುತ್ತೇನೆ. ವಾರವಿಡೀ ಹೊಗೆ ಕುಡಿದ ಎದೆ ಅಲ್ಲಿ ಹಗುರಾಗುತ್ತದೆ. ಗುಡ್ಡವೆಂದರೆ ನನಗೆ ಪ್ರಾಣ, ಇದನ್ನು ಹೇಳಿಕೊಳ್ಳಲು ನನಗೇನು ನಾಚಿಕೆ?

ಈ ಇಡೀ ಗುಡ್ಡದ ಧಣಿ ದುಂಡಪ್ಪಜ್ಜ. ಹರೆಯದಲ್ಲಿ ಆರೂ ರುಚಿ ಒಟ್ಟಿಗೆ ಕೊಟ್ಟು ಗುಡ್ಡ ಕೊಂಡವನು. ಯಾಕೆ ಕೊಂಡೆ ಎಂದರೆ 'ಕೊಳ್ಳಬೇಕನಿಸ್ತು, ಕೊಂಡೆ' ಎನ್ನುತ್ತಾನೆ. ಹೆಂಡತಿ ಮಕ್ಕಳಿಲ್ಲ. ಕೊಂಡ ಮೇಲೆ ಒಂದು ಕಂಬ ನೆಡಲಿಲ್ಲ, ಒಬ್ಬರನ್ನೂ ಯಾಕೆ ಹತ್ತಿದಿರಿ ಎನ್ನಲಿಲ್ಲ. ದಿನಾ ಮಧ್ಯಾಹ್ನ ನನ್ನಲ್ಲಿಗೆ ಬರುತ್ತಿದ್ದ. ರೊಟ್ಟಿ, ಪಲ್ಯ, ಸಾರು, ಮೊಸರು ಎಲ್ಲವನ್ನೂ ಒಂದೇ ಕಡೆ ಕಲಸಿ, ಗೋಡೆ ನೋಡುತ್ತ ನುಂಗಿ, ಕೈ ತೊಳೆದು ಎದ್ದು ಹೋಗುತ್ತಿದ್ದ. ಹದ ನೋಡಿ ಮಾಡಿದ ಎಣ್ಣೆಗಾಯಿಯನ್ನು ಆತ ಹಾಗೆ ನುಂಗುವುದನ್ನು ನೋಡಿದರೆ ನನಗೆ ಒಲೆಗೆ ನೀರು ಹಾಕಿಬಿಡೋಣ ಎನಿಸುತ್ತಿತ್ತು.

ಒಂದು ದಿನ ಆ ದುಂಡಪ್ಪಜ್ಜ ಊಟ ಮುಗಿಸಿ ಏಳಲಿಲ್ಲ. ತಾಟಿನ ಮುಂದೆಯೇ ಕೂತು, 'ಫಕೀರವ್ವಾ, ಗುಡ್ಡ ಮಾರಾಕ ಹತ್ತೀನಿ' ಎಂದ. ನನ್ನ ಕೈಯಲ್ಲಿದ್ದ ಸಾರಿನ ಸೌಟು ಹಾಗೇ ನಿಂತಿತು. 'ಯಾರಿಗೋ ಅಜ್ಜಾ?' ಎಂದೆ. ಪಟ್ಟಣದ ವಿನಯಚಂದ್ರ ಸಾಹೇಬನಿಗಂತೆ. ಹೋಟೆಲುಗಳ ಮಾಲೀಕ. ಗುಡ್ಡದ ನೆತ್ತಿಯ ಮೇಲೆ ಗಾಜಿನ ಕೋಣೆ ಕಟ್ಟಿಸಿ, ಬಂದವರಿಗೆ ಮಂಚದ ಮೇಲೆ ಮಲಗಿಕೊಂಡೇ ಸೂರ್ಯ ಹುಟ್ಟುವುದನ್ನು ತೋರಿಸುತ್ತಾನಂತೆ. ಕೆಳಗೆ ಸುತ್ತಲೂ ತಂತಿಬೇಲಿ, ಒಂದು ಗೇಟು. ಕರಡಿಗಳನ್ನು ಹಿಡಿಸಿ ಎಲ್ಲಿಗೋ ಕಳಿಸುತ್ತಾನಂತೆ. 'ಮತ್ತ ದಾರಿ?' ಎಂದೆ. 'ಅಂವನ್ನ ಕೇಳ್ಬೇಕು' ಎಂದ ಅಜ್ಜ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. 'ಈ ವಯಸ್ಸಿನ್ಯಾಗ ನಿನಗ ಏನ್ ಬಂದೈತೋ? ಇಷ್ಟ ವರ್ಷ ಕಾದ ಗುಡ್ಡ, ಸಾಯೋ ಹೊತ್ತಿಗೆ ಬೇಲಿಗೆ ಹಾಕ್ತೀಯಾ?' ಎಂದು ಕೂಗಾಡಿದೆ. ಊಟಕ್ಕೆ ಕೂತವರೆಲ್ಲ ತಿರುಗಿ ನೋಡಿದರು.

ಅಜ್ಜ ಸಿಟ್ಟಾಗಲಿಲ್ಲ. 'ಸಾಯೋ ಹೊತ್ತು ಅಂತ ನೀನ ಅಂದಿ. ನೋಡವ್ವಾ, ನೀ ದಿನಾ ಏನ್ ಹಾಕ್ತಿ, ಏನ್ ಬಿಡ್ತಿ ನನಗ ಗೊತ್ತಿಲ್ಲ. ಎಲ್ಲಾ ಒಂದ. ಮಂದಿ ಬೆರಳು ಚೀಪೋದು ನೋಡ್ತೀನಿ. ಒಂದ್ ತುತ್ತು, ಒಂದ ಒಂದ್ ತುತ್ತು ರುಚಿಯಿಂದ ಉಂಡು ಹೋಗಬೇಕಂತ ಆಶಾ ಐತಿ. ಗುಡ್ಡಾನೂ ಕಾದೀನಿ, ನನಗ ಒಂದ್ ಬಾಯಿ ಬ್ಯಾಡೇನು?' ಎಂದ. ಅಡಿಗೆಯವಳಿಗೆ ಇದಕ್ಕಿಂತ ದೊಡ್ಡ ಮಾತನ್ನು ಯಾರು ಆಡಿಯಾರು? ಆತನಿಗೆ ಇನ್ನಷ್ಟು ಮೊಸರು ಹಾಕಿ ಒಳಗೆ ಹೋದೆ.

ಸಾಹೇಬನೂ ಒಮ್ಮೆ ನನ್ನ ಖಾನಾವಳಿಗೆ ಬಂದ. ಸಣ್ಣ ಮನುಷ್ಯ, ಮೆತ್ತಗಿನ ಮಾತು, ಕೆಟ್ಟವನೆಂದು ಬೈಯಲು ಏನೂ ಸಿಗಲಿಲ್ಲ. ಬರೀ ಅನ್ನ ಮಜ್ಜಿಗೆ ಕೇಳಿದ, ಅದಕ್ಕೂ ಉಪ್ಪು ಬೇಡವೆಂದ. 'ಆರೂ ರುಚಿ ಕೊಡ್ತೀರಂತಲ್ಲ, ಹೆಂಗ್ರೀ ಮನಸ್ ಬಂತು?' ಎಂದು ಕೇಳಿದೆ. 'ಡಾಕ್ಟರು ನನಗೆ ಎಲ್ಲವನ್ನೂ ಬಿಡಿಸಿ ಎಷ್ಟೋ ಕಾಲವಾಯಿತಮ್ಮ. ಉಪ್ಪಿಲ್ಲ, ಸಕ್ಕರೆಯಿಲ್ಲ, ಖಾರವಿಲ್ಲ. ಉಪಯೋಗವಿಲ್ಲದ ಸಾಮಾನು ಕೊಟ್ಟು ಗುಡ್ಡ ಬರುವುದಾದರೆ ಯಾಕೆ ಬೇಡ?' ಎಂದು ನಕ್ಕ. ದಾರಿಯ ವಿಷಯ ಕೇಳಿದರೆ, 'ಭಾನುವಾರ ಚೀಟಿ ಕೊಡೋಣ, ನಡೆಯಲಿ' ಎಂದ. ಆಚೆ ಊರಿನ ಮಕ್ಕಳು ಭಾನುವಾರ ಶಾಲೆಗೆ ಬರಬೇಕೆಂದಾಯಿತು! ಮರುದಿನವೇ ಆತನ ಆಳುಗಳು ಕಾಲುದಾರಿಯ ಬುಡದಿಂದ ಕೆಂಪು ಬಣ್ಣ ಬಳಿದ ಗೂಟಗಳನ್ನು ಹೊಡೆಯುತ್ತ ಬಂದರು.

ನಮ್ಮ ಶಾಲೆಯ ರಜಿಯಾ ಟೀಚರ್ ಆ ಸಂಜೆ ನನ್ನ ಖಾನಾವಳಿಯಲ್ಲೇ ಸಭೆ ಕರೆದಳು. ಆಚೆ ಊರಿನ ಮಕ್ಕಳಿಲ್ಲದಿದ್ದರೆ ಆಕೆಯ ಶಾಲೆಯ ಅರ್ಧ ಬೆಂಚು ಖಾಲಿ. 'ಗುಡ್ಡಕ್ಕ ಆರೂ ರುಚಿ ಬೇಕು ಅಂತ ಐತಿ. ಆರೂ ಒಂದ ಬಾಯಿಂದ ಬರಬೇಕು ಅಂತ ಎಲ್ಲೈತಿ?' ಎಂದು ಕೇಳಿದಳು. ಎಲ್ಲರೂ ಹಂಪವ್ವಜ್ಜಿಯ ಕಡೆ ನೋಡಿದರು. ನಮ್ಮೂರಿನಲ್ಲಿ ನೆಲದ ವ್ಯವಹಾರ ನಡೆಯುವಾಗ ರುಚಿ ಕೊಡುವವರ ಮುಖ ನೋಡುವ ಕೆಲಸ ಹಂಪವ್ವಜ್ಜಿಯದು. ಆಕೆ ಹೂಂ ಎನ್ನದೆ ಒಂದು ಗೇಣು ನೆಲ ಕೈ ಬದಲಾಗುವುದಿಲ್ಲ. ಆಕೆ ಎಲೆ ಅಡಿಕೆ ಜಗಿದು ಜಗಿದು, 'ಗಂಡಾ ಹೆಂಡ್ತಿ ಕೂಡಿ ಕೊಡೋದು ಐತಲ್ಲ. ಊರು ಕೂಡಿ ಕೊಟ್ರ ಬ್ಯಾಡನ್ನಾಕ ನಾ ಯಾರು? ಆದ್ರ ಆಮ್ಯಾಲೆ ಮಾರಬೇಕಂದ್ರ ಆರೂ ಮಂದಿ ಒಪ್ಪಬೇಕು ನೋಡ್ರಿ' ಎಂದಳು. ಸುತ್ತಲೂ ಕೂತವರನ್ನು ನೋಡಿ ನಾನು ಜೋರಾಗಿ ನಕ್ಕೆ. ಈ ಊರಿನ ಆರು ಮಂದಿ ರೊಟ್ಟಿಗೆ ಯಾವ ಪಲ್ಯ ಎಂಬುದಕ್ಕೇ ಒಪ್ಪಿದ್ದಿಲ್ಲ. ಗುಡ್ಡ ಇನ್ನು ಯಾವ ಜನ್ಮಕ್ಕೂ ಮಾರಾಟವಾಗುವುದಿಲ್ಲ.

ದುಂಡಪ್ಪಜ್ಜನೂ ಒಪ್ಪಿದ. 'ಸಂತೀ ದಿನ ಮಧ್ಯಾಹ್ನದೊಳಗ ಆರೂ ತಂದ್ರ ಗುಡ್ಡ ನಿಮ್ದು. ಒಂದ್ ಕಮ್ಮಿ ಆದ್ರೂ ಸಾಹೇಬಂದು. ಮಾತು ಕೊಟ್ಟೀನಿ ಅಂವಗ' ಎಂದ. ಆಮೇಲೆ ಯಾರು ಏನು ಕೊಡುವುದು ಎಂಬ ಮಾತು. ಹಜಾಮನು ಕಹಿ ಕೊಡುತ್ತೇನೆಂದ, ಪೋಸ್ಟ್‌ಮ್ಯಾನ್ ಒಗರು ಎಂದ. ಇವೆರಡಕ್ಕೆ ಕಿತ್ತಾಟವೇ ಆಯಿತು, ಊರಿಗೆ ಊರೇ ಇಷ್ಟು ಉದಾರಿ ಎಂದು ನನಗೆ ಗೊತ್ತಿರಲಿಲ್ಲ. ಹುಳಿಯನ್ನು ರಜಿಯಾ ಟೀಚರ್ ತಾನೇ ತೆಗೆದುಕೊಂಡಳು. ಬೆಲ್ಲದ ಅಂಗಡಿಯ ಅನಸೂಯಾ, 'ದಿನಾ ಆ ವಾಸನ್ಯಾಗ ಕುಂತು ಸಿಹಿ ಅಂದ್ರ ವಾಕರಿಕಿ ಬರ್ತೈತಿ, ತಗೊಂಡ್ ಹೋಗ್ಲಿ' ಎಂದಳು. ಖಾರದ ಮಾತು ಬಂದಾಗ ಎಲ್ಲರೂ ಒಬ್ಬರನ್ನೊಬ್ಬರು ಮುಂದೆ ತಳ್ಳಿದರು. ಕೊನೆಗೆ ಮಾಳಿಂಗ ಕಂಬಳಿ ಸರಿಪಡಿಸಿಕೊಂಡು, 'ಕುರಿ ಮೇಯಾಕ ಗುಡ್ಡ ಇಲ್ಲಂದ್ರ ಖಾರ ತಿಂದು ಏನ್ ಮಾಡ್ಲಿ' ಎಂದು ಎದ್ದು ನಿಂತ. ಮುಷ್ಟಿಯಲ್ಲಿ ಗುದ್ದಿದ ಉಳ್ಳಾಗಡ್ಡಿ, ಕೆಂಪು ಖಾರ, ಇಷ್ಟೇ ಆತನ ಬುತ್ತಿ ಎಂದು ಎಲ್ಲರಿಗೂ ಗೊತ್ತು.

ಉಳಿದದ್ದು ಉಪ್ಪು. ಎಲ್ಲರೂ ತಮ್ಮ ತಮ್ಮ ಕಾಲಬೆರಳು ನೋಡತೊಡಗಿದರು. ನಾನೂ ನೋಡಿದೆ. ರಜಿಯಾ ಟೀಚರ್ ನನ್ನತ್ತ ತಿರುಗಿ, 'ಫಕೀರವ್ವಕ್ಕ, ನೀವಂತೂ ಬ್ಯಾಡ. ನಿಮ್ಮ ಹೊಟ್ಟೀ ಪಾಡು ಅದು' ಎಂದಳು. ಎಲ್ಲರೂ ಹೌದು ಹೌದು ಎಂದರು. ನನಗೆ ಜೀವ ಬಂದಂತಾಯಿತು, ಸುಳ್ಳು ಯಾಕೆ ಹೇಳಲಿ? ಆಗ ಮೂಲೆಯಿಂದ ಎದ್ದವನು ಟೇಲರ್ ಅಡಿವೆಪ್ಪ.

ಈ ಅಡಿವೆಪ್ಪನ ವಿಷಯ ಸ್ವಲ್ಪ ಹೇಳಬೇಕು. ತುಂಬು ನಾಲಿಗೆಯವನು, ಒಂದು ಗುಂಟೆ ನೆಲವಿಲ್ಲ. ಆತನ ಅಪ್ಪ ತೀರಿಕೊಂಡಾಗಿನಿಂದ ನನ್ನಲ್ಲಿಯೇ ಊಟ. ಅಂದಿನಿಂದ ಒಂದು ದಿನವಾದರೂ 'ಸಪ್ಪಗೈತಿ' ಎನ್ನದೆ ಎದ್ದವನಲ್ಲ. ಸಾರಿಗೆ ಉಪ್ಪಿಲ್ಲ, ಪಲ್ಯಕ್ಕೆ ಉಪ್ಪಿಲ್ಲ, ಉಪ್ಪಿನಕಾಯಿಗೂ ಉಪ್ಪು ಕಡಿಮೆ! ನಾನು ಉಪ್ಪಿನ ಬಟ್ಟಲನ್ನು ಆತನ ಮುಂದೆ ಕುಕ್ಕಿ, 'ತಗೋ, ಇದನ್ನ ಉಣ್ಣು' ಎಂದದ್ದೂ ಉಂಟು. ನಮ್ಮಿಬ್ಬರ ಜಗಳ ಕೇಳಲಿಕ್ಕೆಂದೇ ಕೆಲವರು ಊಟಕ್ಕೆ ಬರುತ್ತಿದ್ದರು. ಆದರೆ ಊರಿನವರಿಗೆ ಆತನ ನಾಲಿಗೆಯ ಮೇಲೆ ಭಾರೀ ನಂಬಿಕೆ. ಮದುವೆ ಮನೆಯ ಅಡಿಗೆಯನ್ನು ಆತನಿಂದ ರುಚಿ ನೋಡಿಸಿ, ಆತ ಹೇಳಿದ್ದರ ಅರ್ಧದಷ್ಟು ಉಪ್ಪು ಸೇರಿಸುತ್ತಿದ್ದರು. ಆ ದಿನ ಆತ ಎದೆ ಮುಂದೆ ಮಾಡಿ, 'ಉಪ್ಪಿನ ಕಿಮ್ಮತ್ತು ಈ ಊರಾಗ ನನ್ನಷ್ಟು ಯಾರಿಗೆ ಗೊತ್ತೈತಿ? ನಾ ಕೊಡ್ತೀನಿ. ಹೆಂಗೂ ಈಕೀ ಅಡಿಗ್ಯಾಗ ಉಪ್ಪು ಸಿಗೂದಿಲ್ಲ' ಎಂದ. ಜನ ಬಿದ್ದು ಬಿದ್ದು ನಕ್ಕರು. ನನಗೂ ಆ ಹೊತ್ತಿನಲ್ಲಿ ಆತನ ಕೆನ್ನೆ ಹಿಂಡಿ ಮುದ್ದಿಸಬೇಕೆನಿಸಿತು.

ಸಂತೆಯ ದಿನ ಗುಡ್ಡದ ಬುಡದ ಹಾಸುಬಂಡೆಯ ಮೇಲೆ ಜನವೋ ಜನ. ಆಚೆ ಊರಿನವರೂ ಇಳಿದು ಬಂದಿದ್ದರು. ವಿನಯಚಂದ್ರ ಸಾಹೇಬ ಛತ್ರಿಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು, ತನ್ನ ಸರದಿ ಬಂದರೆ ಬರಲಿ ಎಂಬಂತೆ ಕೂತಿದ್ದ. ದುಂಡಪ್ಪಜ್ಜ ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟು ಮದುಮಗನ ಹಾಗೆ ಬಂದಿದ್ದ. ನಮ್ಮಲ್ಲಿ ಪದ್ಧತಿ ಹೀಗೆ. ಕೊಡುವವರು ಆ ರುಚಿಯನ್ನು ಕೊನೆಯ ಸಲ ನಾಲಿಗೆಗೆ ಇಟ್ಟುಕೊಳ್ಳಬೇಕು, ಹಂಪವ್ವಜ್ಜಿ ಮುಖ ನೋಡಿ ಹೂಂ ಎನ್ನಬೇಕು, ಅದೇ ತಟ್ಟೆಯಿಂದ ಮಾರುವವನು ಬಾಯಿಗಿಟ್ಟುಕೊಳ್ಳಬೇಕು. ಹೂಂ ಎಂದಮೇಲೆ ಹಿಂದೆ ಸರಿಯುವಂತಿಲ್ಲ.

ಬೇವಿನೆಲೆ ಜಗಿದ ಹಜಾಮನ ಮುಖ ಸೊಟ್ಟಗಾಯಿತು, ಅಜ್ಜಿ ಹೂಂ ಎಂದಳು, ದುಂಡಪ್ಪಜ್ಜ ಎಲೆ ಬಾಯಿಗಿಟ್ಟು 'ಥೂ' ಎಂದು ಉಗಿದ. ಉಗಿದು ನಗತೊಡಗಿದ. 'ಕಹಿ! ಕಹಿ ಐತ್ರೋ!' ಎಂದು ಕುಣಿದಾಡಿದ ಮುದುಕನನ್ನು ನೋಡಿ ಸಾಹೇಬನೂ ಚಪ್ಪಾಳೆ ತಟ್ಟಿದ. ಹಸಿ ಬಾಳೆಕಾಯಿಯ ಒಗರಾಯಿತು, ಹುಣಸೆಯ ಹುಳಿಯಾಯಿತು, ಬೆಲ್ಲವಾಯಿತು. ಮಾಳಿಂಗ ಮೆಣಸಿನಕಾಯಿ ಕಚ್ಚಿ ಉಸ್ ಉಸ್ ಎಂದು ಕಣ್ಣೀರು ಸುರಿಸುತ್ತ, ಉಸ್ ಎನ್ನುವುದು ನಡುವೆಯೇ ನಿಂತುಹೋದಾಗ ಪೆಚ್ಚಾಗಿ ಸುತ್ತಲೂ ನೋಡಿದ. ಕೊನೆಗೆ ಅಡಿವೆಪ್ಪ ಬಂಡೆ ಹತ್ತಿದ.

ಹಂಪವ್ವಜ್ಜಿ ಒಂದು ಹರಳು ಉಪ್ಪನ್ನು ಆತನ ನಾಲಿಗೆಯ ಮೇಲಿಟ್ಟಳು. ಅಡಿವೆಪ್ಪ ಬಾಯಿ ಮುಚ್ಚಿ, ಕಣ್ಣು ಮುಚ್ಚಿ ನಿಂತ. ಮುಖ ಅಲುಗಲಿಲ್ಲ. 'ಹಾಕ್ರಿ ಅಜ್ಜಿ' ಎಂದ. 'ಹಾಕೀನಲ್ಲೋ' ಎಂದಳು ಅಜ್ಜಿ. 'ಸಣ್ಣದಾತೇನೋ, ಇನ್ನೊಂದ್ ಹಾಕ್ರಿ.' ಇನ್ನೊಂದು ಹಾಕಿದಳು. ಆಮೇಲೆ ಒಂದು ಚಿಟಿಕೆ. ಆಮೇಲೆ ಅಂಗೈ ತುಂಬ. ಆತ ಹುರಿಗಡಲೆಯ ಹಾಗೆ ಕಟಕಟ ಅಗಿದು, 'ಈ ಉಪ್ಪೂ ಸಪ್ಪಗೈತಲ್ರೀ, ಫಕೀರವ್ವನ ಮನೀದೇನು?' ಎಂದ. ಯಾರೂ ನಗಲಿಲ್ಲ. ಜನರ ಮುಖ ನೋಡಿ ಆತನ ನಗುವೂ ಇಳಿಯಿತು. ಇಷ್ಟು ವರ್ಷ ಈತ ಸಪ್ಪೆ ಎಂದದ್ದು ನನ್ನ ಸಾರಿಗಲ್ಲ.

ಹಂಪವ್ವಜ್ಜಿ ಉಪ್ಪಿನ ಬಟ್ಟಲು ಕೆಳಗಿಟ್ಟಳು. 'ಮುಖಾ ನೋಡಾಕಿ ಬಾಯಿ ಬಿಡಬಾರ್ದು ಅಂತ ಐತಿ. ಇನ್ನ ಬಿಡ್ಲಿಲ್ಲಂದ್ರ ತಪ್ಪಾಗ್ತೈತಿ' ಎಂದು ಅಡಿವೆಪ್ಪನ ಕೈ ಹಿಡಿದಳು. 'ಗುಡ್ಡದ ಆಚೀ ಬುಡಕ್ಕ, ದುಂಡಪ್ಪನ ನೆಲದ ಹೊರಗ ಒರತಿ ಐತಲ್ಲ, ದಾರ್ಯಾಗ ಎಲ್ಲಾರೂ ನೀರು ಕುಡೀತಾರಲ್ಲ, ಅದರ ಸುತ್ತಿನ ನೆಲ ಒಬ್ಬಾಂವ ಕಲ್ಲು ಒಡಿಯೋರಿಗೆ ಮಾರಾಕ ಹೊಂಟಿದ್ದ. ನಿಮ್ಮಪ್ಪ ತನ್ನ ಉಪ್ಪು ಕೊಟ್ಟು ಬಿಡಿಸಿಕೊಂಡ. ಯಾರಿಗೂ ಹೇಳಬ್ಯಾಡ ಅಂದ, ಮನ್ಯಾಗ ಬೈತಾರಂತ. ಅಂವ ಸತ್ತ ಮ್ಯಾಲೆ ನೆಲ ನಿನಗ ಬಂತು. ನೆಲದ ಜೋಡಿ ಈ ಉಪ್ಪಿಲ್ಲದ ನಾಲಿಗೀನೂ ಬಂತು. ನಿನಗ ತಿಳದಿರಬಹುದು, ಜಗಳ ಹಾಸ್ಯಕ್ಕ ಮಾಡ್ತಿ, ಸಭ್ಯಾಗ ಎದ್ದದ್ದೂ ಹಾಸ್ಯಕ್ಕ ಅಂದ್ಕೊಂಡಿದ್ದೆ.'

ಅಡಿವೆಪ್ಪ ಬಂಡೆಯ ಮೇಲೆಯೇ ಕುಸಿದು ಕೂತ. 'ಅಪ್ಪ ಹೋದಾಗಿಂದ ಊಟ ರುಚಿಸ್ತಿರಲಿಲ್ಲ. ದುಃಖ ಅಂದ್ಕೊಂಡೆ. ದುಃಖ ಕಮ್ಮಿ ಆತು, ಊಟ ಸಪ್ಪಗ ಉಳೀತು. ಆಮ್ಯಾಲೆ ಈಕೀ ಕೈಯಾಗ ಏನೋ ದೋಷ ಅಂದ್ಕೊಂಡೆ. ಅಪ್ಪ ಹಿಂಗ್ ಮಾಡ್ಯಾನಂತ ಕನಸಿನ್ಯಾಗೂ...' ಎಂದು ಮುಖ ಮುಚ್ಚಿಕೊಂಡ. ಆಚೆ ಊರಿನ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೇಸಿಗೆಯಲ್ಲಿ ಆ ಒರತೆಯ ನೀರು ಕುಡಿಯದೆ ಗುಡ್ಡ ದಾಟಿದವರು ಆ ಜನರಲ್ಲಿ ಒಬ್ಬರೂ ಇರಲಿಲ್ಲ.

ವಿನಯಚಂದ್ರ ಸಾಹೇಬ ಕುರ್ಚಿಯಿಂದ ಎದ್ದು, ಛತ್ರಿಯನ್ನು ಆಳಿನ ಕೈಗೆ ಕೊಟ್ಟು, 'ಹೊತ್ತಾಗುತ್ತ ಬಂತು. ಇನ್ಯಾರಾದರೂ ಇದ್ದರೆ ಕೊಡಲಿ, ಇಲ್ಲದಿದ್ದರೆ ನಾನು ಬರುತ್ತೇನೆ' ಎಂದ. ನ್ಯಾಯವಾದ ಮಾತೇ. ರಜಿಯಾ ಟೀಚರ್ ಸುತ್ತ ನೋಡಿದಳು. ತಾನು ಹುಳಿ ಬಿಟ್ಟು ಉಪ್ಪು ಕೊಡಬಹುದಿತ್ತಲ್ಲ ಎಂದು ಆಕೆಯ ಮುಖದ ಮೇಲೇ ಬರೆದಿತ್ತು. ಒಂದು ಬಾಯಿಂದ ಎರಡು ಕೊಡಲು ಬರುತ್ತದೆ, ಆಕೆ ಹೆಜ್ಜೆಯನ್ನೂ ಎತ್ತಿದಳು. ಅವಳಿಗೆ ಎದೆಹಾಲು ಕುಡಿಯುವ ಕೂಸಿದೆ. ಈ ಹುಡುಗಿ ಹುಳಿಯೂ ಇಲ್ಲದೆ ಉಪ್ಪೂ ಇಲ್ಲದೆ ಬಾಣಂತಿತನದ ಊಟ ಹೇಗೆ ನುಂಗಿಯಾಳು? ನಾನು ಆಕೆಯ ತೋಳು ಹಿಡಿದು ಹಿಂದಕ್ಕೆ ಎಳೆದೆ. 'ಟೀಚರ್‌ರ, ಸುಮ್ಮನ ನಿಂದರ್ರಿ. ಊರಾಗ ಉಪ್ಪಿಗೆ ಬರ ಬಂದಿಲ್ಲ' ಎಂದೆ.

ಬಂಡೆ ಹತ್ತುವಾಗ ಖಾನಾವಳಿ ಕಣ್ಣಮುಂದೆ ಬಂತು. ಉಪ್ಪು ತಿಳಿಯದ ಅಡಿಗೆಯವಳ ಕೈಯ ಊಟಕ್ಕೆ ಯಾರು ಬರುತ್ತಾರೆ? ದುಂಡಪ್ಪಜ್ಜ ಗಾಬರಿಯಾಗಿ, 'ಏ ಬ್ಯಾಡವ್ವ ಫಕೀರವ್ವ, ನಿನ್ನ ಅನ್ನ ಕಸ್ಕೊಂಡು ನಾ ಉಣ್ಣಬೇಕೇನು? ಹೋಗ್ಲಿ ಬಿಡು' ಎಂದ. 'ಬಾಯಿ ಮುಚ್ಕೊಂಡು ಕುಂದ್ರು ಮುದುಕಾ' ಎಂದು ಗದರಿಸಿದೆ. ಅಡಿವೆಪ್ಪನ ಅಪ್ಪ, ಒಬ್ಬ ಬಡ ಟೇಲರ್, ಯಾರಿಗೂ ಹೇಳದೆ ಒಂದು ಒರತೆಗಾಗಿ ಉಪ್ಪು ಬಿಟ್ಟುಕೊಟ್ಟು ಸತ್ತಿದ್ದಾನೆ. ಸೋಮವಾರಕ್ಕೊಮ್ಮೆ ಗುಡ್ಡದ ಗಾಳಿ ಕುಡಿದು ಬದುಕಿದವಳು ನಾನು, ಕಾಲಬೆರಳು ನೋಡುತ್ತ ನಿಲ್ಲಲೇ? ಬಾಯಿ ತೆರೆದೆ. ಹಂಪವ್ವಜ್ಜಿಯ ಒರಟು ಬೆರಳು ಹರಳನ್ನು ನಾಲಿಗೆಯ ಮೇಲಿಟ್ಟಿತು.

ಉಪ್ಪು ಕರಗಿತು. ಬಾಯಿ ತುಂಬ ನೀರು. ಅಯ್ಯೋ ದೇವರೇ, ಎಷ್ಟು ರುಚಿ ಅದು! ಹುಟ್ಟಿದಾಗಿನಿಂದ ತಿಂದಿದ್ದೇನೆ, ಒಮ್ಮೆಯೂ ಅದನ್ನೊಂದನ್ನೇ ಹೀಗೆ ನಿಂತು ಸವಿದಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಗಳಗಳ ಅತ್ತೆ, ಊರೆಲ್ಲ ನೋಡಲಿ ಎಂದು ಅತ್ತೆ. ಕಣ್ಣೀರು ಕೆನ್ನೆಯಿಂದ ಇಳಿದು ತುಟಿಗೆ ತಾಗಿ ಉಪ್ಪುಪ್ಪಾಗಿ ನಾಲಿಗೆಗೆ ಬಂತು. ಅಜ್ಜಿ 'ಹೂಂ' ಎಂದಳು. ದುಂಡಪ್ಪಜ್ಜ ತಟ್ಟೆಯಿಂದ ಹರಳೆತ್ತಿ ಬಾಯಿಗಿಟ್ಟ. ನನ್ನ ಕಣ್ಣೀರು ಇನ್ನೂ ಇಳಿಯುತ್ತಲೇ ಇತ್ತು, ಬರೀ ನೀರಾಗಿತ್ತು.

ಮಧ್ಯಾಹ್ನದ ಬಿಸಿಲಿನಲ್ಲಿ ಮಾಳಿಂಗ ಕೆಂಪು ಗೂಟಗಳನ್ನು ಒಂದೊಂದಾಗಿ ಕಿತ್ತು ತಂದು ನನ್ನ ಖಾನಾವಳಿಯ ಹಿಂದೆ ಸೌದೆಯ ಜೊತೆ ಒಟ್ಟಿದ. ಬೇಲಿಯಿಲ್ಲ, ಗೇಟಿಲ್ಲ, ಕಟ್ಟಡವಿಲ್ಲ, ದಾರಿ ನಡೆಯುವವರದು, ಮಿಕ್ಕಿದ್ದು ಕರಡಿಯದು ಎಂದು ನಾವು ಆರು ಮಂದಿ ಬಂಡೆಯ ಮೇಲೆ ನಿಂತು ಹೇಳಿದೆವು. ನಮ್ಮ ನಂತರ ಯಾರು ಎಂಬುದನ್ನೂ ಗೊತ್ತುಮಾಡಿಟ್ಟಿದ್ದೇವೆ. ರಜಿಯಾ ಟೀಚರ್ ಶಾಲೆಯಲ್ಲಿ ಓದಿ ದೊಡ್ಡವರಾದವರು ಕಹಿ ನನಗೆ, ಒಗರು ನನಗೆ ಎಂದು ಈಗಲೇ ಹೆಸರು ಹೇಳಿಟ್ಟಿದ್ದಾರೆ. ನನ್ನ ಉಪ್ಪಿಗೆ ಮಾತ್ರ ಇನ್ನೂ ಯಾರೂ ಮುಂದೆ ಬಂದಿಲ್ಲ. ಇರಲಿ, ನಾನೂ ಸಾಯುವ ಅವಸರದಲ್ಲಿಲ್ಲ.

ಸಾಹೇಬ ಆ ದಿನ ಕಾರು ಹತ್ತಲಿಲ್ಲ. ಕಾಲುದಾರಿಯ ಬುಡದಲ್ಲಿ ನಿಂತು, 'ಸ್ವಲ್ಪ ದೂರ ನಡೆದು ನೋಡಬಹುದೇ? ಯಾರನ್ನು ಕೇಳಬೇಕು?' ಎಂದ. 'ಯಾರನ್ನೂ ಕೇಳಬ್ಯಾಡ್ರಿ, ನಡೀರಿ' ಎಂದೆ. ಬೂಟು ಕೈಯಲ್ಲಿ ಹಿಡಿದು ಹೋದವನು ಹೊತ್ತು ಇಳಿಯುವಾಗ ಮುಖವೆಲ್ಲ ಕೆಂಪಾಗಿ ಬಂದು ನನ್ನ ಬಾಗಿಲಲ್ಲಿ ನಿಂತು, ಊಟ ಇದೆಯೇ ಎಂದು ಕೇಳಿದ. ಡಾಕ್ಟರ ಮಾತು ನೆನಪಿಸಿದೆ. 'ಇವತ್ತೊಂದು ದಿನ' ಎಂದು ಬೆಳಿಗ್ಗೆ ಮಾಡಿಟ್ಟಿದ್ದ ಪಲ್ಯಕ್ಕೆ ಎರಡು ರೊಟ್ಟಿ ತಿಂದು ಹೋದ.

ಮರುದಿನ ಬೆಳಿಗ್ಗೆ ಒಲೆ ಹಚ್ಚಿ ಬದನೆಕಾಯಿ ಸೀಳುತ್ತ ಕೂತಾಗ ನನಗೆ ನಿಜವಾದ ಭಯ ಹಿಡಿಯಿತು. ಕೈಗೆ ಅಳತೆ ಗೊತ್ತು ಎಂದು ಧೈರ್ಯ ಹೇಳಿಕೊಂಡೆ. ಆದರೆ ಹಾಕಿದೆನೋ ಇಲ್ಲವೋ, ಒಮ್ಮೆ ಹಾಕಿದೆನೋ ಎರಡು ಸಲವೋ, ಬಾಯಿ ಏನನ್ನೂ ಹೇಳುತ್ತಿಲ್ಲ. ಎಣ್ಣೆಗಾಯಿ ಬಾಯಿಗಿಟ್ಟರೆ ಖಾರವಿದೆ, ಹುಳಿಯಿದೆ, ನಡುವೆ ದೊಡ್ಡ ಹಳ್ಳ. ಆದದ್ದಾಗಲಿ ಎಂದು ಇಳಿಸಿದೆ. ಅಂದು ಪಂಕ್ತಿಯಲ್ಲಿ ಜಾಗವಿರಲಿಲ್ಲ. ಹಿಂದಿನ ದಿನ ಬಿಟ್ಟುಹೋದ ಸಂತೆ ಸಾಮಾನು ಒಯ್ಯಲು ಆಚೆ ಊರಿನಿಂದ ಬಂದವರು, ಮಾಳಿಂಗ, ಪೋಸ್ಟ್‌ಮ್ಯಾನ್, ಟೀಚರ್ ಎಲ್ಲರೂ ಬಂದು ಕೂತರು. ಮೊದಲ ತುತ್ತಿಗೇ 'ಭಾಳ ಛಲೋ ಆಗೈತಿ ಫಕೀರವ್ವ' ಎಂದ ಪೋಸ್ಟ್‌ಮ್ಯಾನ್. 'ಎಂದಿನಂಗ ಐತಿ ಅಕ್ಕ' ಎಂದಳು ಟೀಚರ್. ಆಚೆಯ ಹೆಂಗಸರೂ ತಲೆಯಾಡಿಸಿದರು. ಅಡಿವೆಪ್ಪನೊಬ್ಬ ತಾಟು ನೋಡುತ್ತ, 'ಇನ್ನ ಮ್ಯಾಲೆ ನಾ ಏನೂ ಅನ್ನೂದಿಲ್ಲ ಯಕ್ಕಾ. ನೀನೂ ನಾನೂ ಒಂದ' ಎಂದ. ನನಗೆ ಜೀವ ನಿರಾಳವಾಯಿತು.

ಆಗ ಮೂಲೆಯಿಂದ ತಾಟು ಸರಿಸಿದ ಸದ್ದು. ದುಂಡಪ್ಪಜ್ಜ ಈ ಸಲ ಏನನ್ನೂ ಕಲಸಿರಲಿಲ್ಲ. ಪಲ್ಯ ಪಲ್ಯದ ಜಾಗದಲ್ಲಿತ್ತು, ಸಾರು ಸಾರಿನ ಜಾಗದಲ್ಲಿ. 'ಏ ಫಕೀರವ್ವಾ!' ಎಂದು ಗುಡ್ಡಕ್ಕೆ ಕೇಳುವ ಹಾಗೆ ಕೂಗಿದ. 'ಪಲ್ಯಕ್ಕ ಉಪ್ಪು ಹಾಕೀಯೋ, ಉಪ್ಪಿಗೆ ಪಲ್ಯ ಹಾಕೀಯೋ? ಬಾಯಿ ಸುಟ್ಟು ಹೋತು! ಸಾರಿಗೆ ನೋಡಿದ್ರ ಒಂದ್ ಹರಳೂ ಇಲ್ಲ!'

ಟೀಚರ್ ತಲೆ ತಗ್ಗಿಸಿದಳು. ಪೋಸ್ಟ್‌ಮ್ಯಾನ್ ನೀರಿನ ಲೋಟ ಖಾಲಿ ಮಾಡಿದ್ದನ್ನು ನಾನು ಆಗ ನೋಡಿದೆ. ಅಡಿವೆಪ್ಪನದೊಂದು ಬಿಟ್ಟು ಎಲ್ಲರ ಲೋಟವೂ ಖಾಲಿಯಾಗಿತ್ತು. ನನ್ನ ಮೇಲಿನ ಕರುಣೆಗೆ ಇವರೆಲ್ಲ ಬಾಯಿ ಕಟ್ಟಿಕೊಂಡು ನುಂಗುತ್ತಿದ್ದರು. ಮೈಯೆಲ್ಲ ಉರಿಯಿತು. ಸೌಟು ಹಿಡಿದು ಅಜ್ಜನ ಮುಂದೆ ಹೋಗಿ ನಿಂತೆ, ನಾಲ್ಕು ಮಾತು ಬಿಗಿಯಲೆಂದು. ಆತನ ಹುಬ್ಬು ಗಂಟಿಕ್ಕಿತ್ತು, ಕೆಳತುಟಿ ಚೂರು ಮುಂದೆ ಬಂದಿತ್ತು, ನಾಲಿಗೆಯ ತುದಿ ಮೇಲುದವಡೆಗೆ ಲೊಚ್ ಎಂದು ತಾಗುತ್ತಿತ್ತು. ಪಲ್ಯ ಕೆಟ್ಟ ದಿನ ನನ್ನ ಬಾಯಿ ಹೀಗೆಯೇ ಸದ್ದು ಮಾಡುತ್ತದೆ, ಹೀಗೆಯೇ ಲೊಚಗುಟ್ಟಿ ಊರೇ ನನ್ನನ್ನು ಅಣಕಿಸುತ್ತದೆ. ನನ್ನ ಉಪ್ಪು ಎಲ್ಲಿಗೂ ಹೋಗಿರಲಿಲ್ಲ. ಅಜ್ಜನ ಬಾಯಲ್ಲಿ ಕೂತು ನನ್ನನ್ನೇ ಬೈಯುತ್ತಿತ್ತು.

'ಏಳು ಮ್ಯಾಲ!' ಎಂದೆ. ಅಜ್ಜ ಹೆದರಿ ಎದ್ದ. ಕೈ ಹಿಡಿದು ದರದರ ಅಡಿಗೆಮನೆಗೆ ಎಳೆದುಕೊಂಡು ಹೋಗಿ ಒಲೆಯ ಪಕ್ಕ ಮಣೆ ಹಾಕಿ ಕೂರಿಸಿದೆ. ಎಣ್ಣೆಗಾಯಿಗೆ ಇನ್ನಷ್ಟು ಶೇಂಗಾಪುಡಿ, ಬೆಲ್ಲ, ಹೊಸ ಬದನೆಕಾಯಿ ಸೇರಿಸಿ ಕುದಿಸಿ ಸೌಟನ್ನು ಆತನ ಬಾಯಿಗೆ ಹಿಡಿದೆ. 'ನೋಡಿ ಹೇಳು.' ಆತ ಊದಿ ಊದಿ ನೆಕ್ಕಿ, ಲೊಚ್ ಎಂದು, 'ಇದಕ್ಕ ಸಾಕು. ಸಾರಿಗೆ ಹಾಕು. ಇನ್ನೊಂದ್ ಚಿಟಿಕಿ. ಇನ್ನೊಂದ್. ಹಾಂ, ನಿಂದರು' ಎಂದ. ಆತನ ಕಣ್ಣು ತುಂಬಿತ್ತು. 'ಇಷ್ಟ್ ಛಂದ ಮಾಡ್ತಿದ್ದೇನವ್ವ ನೀ ದಿನಾ?' ಎಂದು ಕೇಳಿದ. 'ದಿನಾ ಮಾಡ್ತಿದ್ನೋ ಮುದುಕಾ, ನೀ ಕಲಸಿ ಹಾಳ್ ಮಾಡ್ತಿದ್ದಿ' ಎಂದು ಬೈದೆ. ನಾಳೆಯಿಂದ ಬೆಳಿಗ್ಗೆ ಒಲೆ ಹಚ್ಚುವ ಹೊತ್ತಿಗೇ ಬರಬೇಕು, ತಡವಾದರೆ ಊಟವಿಲ್ಲ ಎಂದು ಹೇಳಿದೆ. ಆತ ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದ.

ಪಾತ್ರೆಗಳನ್ನು ಹೊರಗೆ ತಂದು ಎಲ್ಲರ ತಾಟನ್ನೂ ಮತ್ತೊಮ್ಮೆ ಬಡಿಸಿದೆ. ಈ ಸಲ ಛಲೋ ಆಗೈತಿ ಎಂದು ಯಾರೂ ಹೇಳಲಿಲ್ಲ. ಯಾರೂ ತಲೆಯನ್ನೇ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲರೂ ಇನ್ನೊಂದು ರೊಟ್ಟಿ ಕೇಳಿದರು.